ಪಾಸ್‌ವರ್ಡ್ ಸರಿ ಇದೆ, ಲಾಗಿನ್ ಯಾಕೆ ತಡ?

ಮಂಡ್ಯದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್. ಬೆಳಗಿನ ಮೊದಲ ಪೀರಿಯಡ್. ಮಕ್ಕಳು ಪಾಸ್‌ವರ್ಡ್ ಹೊಡೆದು ಕೂತಿದ್ದಾರೆ. ಸ್ಕ್ರೀನ್ ಮೇಲೆ ‘ವೆಲ್ಕಮ್’ ಬಂದು ಚಕ್ರ ತಿರುಗುತ್ತಲೇ ಇದೆ. ಒಳಗೆ ಹೋದ ಮೇಲೆ ಎಲ್ಲ ಸಲೀಸು, ಇಂಟರ್‌ನೆಟ್ ಕೂಡ ಜೋರಾಗಿಯೇ ಇದೆ. ಇಂಥ ಕಡೆ ಮೊದಲು ಕೇಳಿಬರುವ ಮಾತು ‘ಮಷೀನ್ ಹಳೇದಾಯ್ತು ಸಾರ್, ರ್‍ಯಾಮ್ ಜಾಸ್ತಿ ಮಾಡಿಸಿ’. ಮಾಡಿಸಿದರೂ ಚಕ್ರ ಹಾಗೇ ತಿರುಗುತ್ತದೆ. ಆ ಹೊತ್ತಿನಲ್ಲಿ ಕಂಪ್ಯೂಟರ್ ಸುಮ್ನೆ ಕಾಯುತ್ತಿರುತ್ತದೆ, ಅಷ್ಟೆ.

ಅದು ಕಾಯುವುದು ಒಂದು ವಿಳಾಸಕ್ಕೆ. ಇಂಥ ಲ್ಯಾಬ್‌ಗಳಲ್ಲಿ ಪಾಸ್‌ವರ್ಡ್ ಪರೀಕ್ಷಿಸುವುದು ಡೊಮೇನ್ ಕಂಟ್ರೋಲರ್ ಎಂಬ ಸರ್ವರ್. ಅದು ಎಲ್ಲಿದೆ ಎಂದು ಮೊದಲು ಹುಡುಕಬೇಕು. ವಿಂಡೋಸ್ 2000 ಬಂದಾಗಿನಿಂದ ಈ ಹುಡುಕಾಟ ಡಿಎನ್‌ಎಸ್ ಮೂಲಕ ನಡೆಯುತ್ತದೆ. ಹೆಸರು ಕೊಟ್ಟರೆ ಐಪಿ ನಂಬರ್, ಅಂದರೆ ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರ್‌ನ ವಿಳಾಸ ಹೇಳುವ ವ್ಯವಸ್ಥೆ ಇದು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಇದನ್ನು ರೂಪಿಸಿದರು. ಲಾಗಿನ್ ಹೊತ್ತಿನಲ್ಲಿ ಕಂಪ್ಯೂಟರ್ ಕೇಳುವುದು ಇನ್ನೂ ಒಂದು ಹೆಜ್ಜೆ ಮುಂದಿನ ಪ್ರಶ್ನೆ: ‘ಈ ಡೊಮೇನ್‌ನಲ್ಲಿ, ಅಂದರೆ ಕಾಲೇಜಿನ ಕಂಪ್ಯೂಟರ್‌ಗಳ ಗುಂಪಿನಲ್ಲಿ, ಲಾಗಿನ್ ಕೆಲಸ ಯಾರದು?’ ಉತ್ತರ ಇರುವುದು ಎಸ್‌ಆರ್‌ವಿ ಎಂಬ ದಾಖಲೆಯಲ್ಲಿ. ಆ ದಾಖಲೆ ಕಾಲೇಜಿನ ಸ್ವಂತ ಡಿಎನ್‌ಎಸ್ ಸರ್ವರ್‌ನಲ್ಲಿ ಮಾತ್ರ ಇರುತ್ತದೆ. ಗೂಗಲ್ ಎಲ್ಲರಿಗೂ ತೆರೆದಿಟ್ಟಿರುವ ಡಿಎನ್‌ಎಸ್ ಸರ್ವರ್ 8.8.8.8ಕ್ಕೆ ಅದು ಗೊತ್ತಿರುವುದಿಲ್ಲ, ಗೊತ್ತಿರಲೂ ಬಾರದು.

ಎಡವಟ್ಟಾಗುವುದು ಹೆಚ್ಚಾಗಿ ಹೊಸ ಫೈಬರ್ ಲೈನ್ ಹಾಕಿಸಿದಾಗ. ರೂಟರ್‌ನಲ್ಲಿ ಮೊದಲ ಡಿಎನ್‌ಎಸ್ ಆಗಿ 8.8.8.8, ಎರಡನೆಯದಾಗಿ ಕಾಲೇಜಿನ ಸರ್ವರ್ ಹಾಕಿ ಹೋಗುತ್ತಾರೆ. ‘ಮೊದಲನೆಯದಕ್ಕೆ ಗೊತ್ತಿಲ್ಲದಿದ್ದರೆ ಎರಡನೆಯದನ್ನು ಕೇಳುತ್ತೆ ಅಲ್ವಾ?’ ಇಡೀ ತೊಂದರೆ ಈ ನಂಬಿಕೆಯಲ್ಲೇ ಇದೆ. ಮೈಸೂರಿನ ಅಗ್ರಹಾರದಲ್ಲಿ ಮನೆ ಹುಡುಕುವಾಗ ಒಬ್ಬರು ‘ಆ ಹೆಸರಿನವರು ಇಲ್ಲಿಲ್ಲ’ ಎಂದರೆ ನಾವು ಪಕ್ಕದವರನ್ನು ಕೇಳುತ್ತೇವೆ. ಕಂಪ್ಯೂಟರ್ ಕೇಳುವುದಿಲ್ಲ. ಅದಕ್ಕೆ ‘ಇಲ್ಲ’ ಎನ್ನುವುದೂ ಪೂರ್ತಿ ಉತ್ತರವೇ. ಮೊದಲನೆಯದು ಬಾಯೇ ಬಿಡದಿದ್ದರೆ ಮಾತ್ರ ಎರಡನೆಯದರ ಹತ್ತಿರ ಹೋಗುತ್ತದೆ. ಇಂಟರ್‌ನೆಟ್ ಕುಂಟಿದ ದಿನ ಲಾಗಿನ್ ಬೇಗ ಆಗುವುದುಂಟು. ನೋಡಿದವರಿಗೆ ತಲೆಬುಡ ತಿಳಿಯುವುದಿಲ್ಲ, ಆದರೆ ಕಾರಣ ಇಷ್ಟೆ.

‘ಇಲ್ಲ’ ಎಂದ ಮೇಲೂ ವಿಂಡೋಸ್ ಕೈಬಿಡುವುದಿಲ್ಲ. ಲ್ಯಾಬ್ ನೆಟ್‌ವರ್ಕ್‌ನಲ್ಲಿ ಕೂಗಿ ಕೇಳುವ ಹಳೆಯ ನೆಟ್‌ಬಯೋಸ್ ದಾರಿ ಹಿಡಿಯುವುದುಂಟು (ತೀರಾ ಹೊಸ ವಿಂಡೋಸ್‌ಗಳಲ್ಲಿ ಈ ದಾರಿ ತಾನಾಗಿಯೇ ಆಫ್ ಆಗಿರುತ್ತದೆ), ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅದೂ ಆಗದಿದ್ದರೆ, ಹಿಂದೆ ಆ ಮಷೀನ್‌ನಲ್ಲಿ ಲಾಗಿನ್ ಆದವರ ನೆನಪನ್ನು ನೋಡಿ ಒಳಗೆ ಬಿಡುತ್ತದೆ. ಸಾಮಾನ್ಯವಾಗಿ 10 ಜನರ ನೆನಪು ಇಟ್ಟುಕೊಂಡಿರುತ್ತದೆ. ಹಳೆಯ ಹುಡುಗರು ತಡವಾಗಿಯಾದರೂ ಒಳಗೆ ಹೋಗಿ, ಹೊಸದಾಗಿ ಸೇರಿದ ಹುಡುಗಿಗೆ ಲಾಗಿನ್ ಸರ್ವರ್ ಸಿಗುತ್ತಿಲ್ಲ ಎಂದು ಬಂದರೆ, ಮೊದಲು ಡಿಎನ್‌ಎಸ್ ಕಡೆ ನೋಡಿ. ಇದಕ್ಕಿಂತ ಒಳ್ಳೆಯ ಸುಳಿವು ಸಿಗುವುದು ಕಷ್ಟ.

ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ /ಆಲ್ ಕೊಟ್ಟರೆ ಡಿಎನ್‌ಎಸ್ ಸಾಲುಗಳು ಕಾಣುತ್ತವೆ. ಎರಡರಲ್ಲೂ ಕಾಲೇಜಿನ ಸರ್ವರ್‌ಗಳೇ ಇರಬೇಕು. ಒಂದೇ ಸರ್ವರ್ ಇದ್ದರೆ ಎರಡನೇ ಸಾಲು ಖಾಲಿ ಇರಲಿ. ಹಾಗಾದರೆ ಹೊರಗಿನ ವೆಬ್‌ಸೈಟ್‌ಗಳು? 8.8.8.8ಕ್ಕೂ ಜಾಗ ಇದೆ, ಸರ್ವರ್ ಒಳಗೆ. ಅಲ್ಲಿ ಅದನ್ನು ಫಾರ್ವರ್ಡರ್ ಆಗಿ ಕೊಟ್ಟರೆ, ತನಗೆ ಗೊತ್ತಿಲ್ಲದ್ದನ್ನು ಸರ್ವರ್ ತಾನೇ ಕೇಳಿ ತಿಳಿಸುತ್ತದೆ. ಬದಲಾಯಿಸಿದ ಮೇಲೆ ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್ ಮರೆಯಬೇಡಿ. ‘ಇಲ್ಲ’ ಎಂಬ ಉತ್ತರವನ್ನೂ ಕಂಪ್ಯೂಟರ್ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ.

ಲಿನಕ್ಸ್‌ನಲ್ಲಿ ಇದೇ ಕಾಯಿಲೆಯ ಲಕ್ಷಣ ಬೇರೆ. ದೂರದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ಹೋದಾಗ, ಬಂದವರ ಐಪಿ ನಂಬರಿಗೆ ಹೆಸರೇನು ಎಂದು ಸರ್ವರ್ ಡಿಎನ್‌ಎಸ್ ಕೇಳುವುದುಂಟು. ಇದಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಚ್ ಸಾಫ್ಟ್‌ವೇರ್‌ನ 2015ರ 6.8 ಆವೃತ್ತಿಯಿಂದ ಇದು ತಾನಾಗಿಯೇ ಆಫ್ ಆಗಿರುತ್ತದೆ, ಹಳೆಯ ಸರ್ವರ್‌ಗಳಲ್ಲಿ ಆನ್ ಇರುತ್ತದೆ. ಡಿಎನ್‌ಎಸ್‌ನಿಂದ ಉತ್ತರ ಬರದಿದ್ದರೆ ಲಿನಕ್ಸ್ ಸಾಮಾನ್ಯವಾಗಿ 5 ಸೆಕೆಂಡ್ ಕಾಯುತ್ತದೆ, ಆಮೇಲೆ ಮತ್ತೆ ಕೇಳುತ್ತದೆ. ಹಾಗಾಗಿ ಗಡಿಯಾರ ಹಿಡಿದು ನೋಡಿ. ತಡ 5, 10, 20 ಹೀಗೆ ಐದರ ಮಗ್ಗಿಯಲ್ಲಿ ಬರುತ್ತಿದ್ದರೆ, ಡಿಎನ್‌ಎಸ್ ಸರ್ವರ್‌ಗಳ ಪಟ್ಟಿ ಇರುವ ರಿಸಾಲ್ವ್.ಕಾನ್ಫ್ ಫೈಲ್ ತೆರೆದು ಮೊದಲ ಸಾಲಿನಲ್ಲಿ ಯಾವತ್ತೋ ನಿಂತುಹೋದ ಸರ್ವರ್‌ನ ನಂಬರ್ ಉಳಿದಿದೆಯಾ ನೋಡಿ.