ಸಾಮಾಯಿಕ ಗೋಡೆಯಿಂದ ಅವಿಭಜಿತ ಪಾಲಿನವರೆಗೆ

ಬೆಳಗಾವಿಯ ಹಳೆಯ ಗಲ್ಲಿಗಳಲ್ಲಿನ ಮನೆಗಳ ಖರೀದಿ ಪತ್ರ ತೆರೆದರೆ, ಚಕ್ಕುಬಂದಿಯಲ್ಲಿ ‘ಉತ್ತರಕ್ಕೆ ಸಾಮಾಯಿಕ ಗೋಡೆ’ ಎಂಬ ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಎರಡೂ ಮನೆಗಳ ತೊಲೆಯ ತುದಿಗಳು ಆ ಒಂದೇ ಗೋಡೆಯಲ್ಲಿ ಊರಿರುವುದರಿಂದ, ಒಬ್ಬರು ತಮ್ಮ ಮನೆ ಕೆಡವಲು ಗುದ್ದಲಿ ಎತ್ತಿದ ದಿನವೇ ಪಕ್ಕದವರ ಮಾಳಿಗೆ ನಿಂತೀತೇ ಎಂಬ ತಕರಾರು ಏಳುತ್ತದೆ.

ಬೆಳಗಾವಿ ಆಗ ಸೇರಿದ್ದ ಮುಂಬಯಿ ಪ್ರಾಂತ್ಯದ ಕಾಲದ ಕಾನೂನುಗಳಿಗೆ ಈ ತಕರಾರು ಹೊಸದಾಗಿರಲಿಲ್ಲ. 1879ರ ಮುಂಬಯಿ ಭೂಕಂದಾಯ ಸಂಹಿತೆ ಗಡಿಕಲ್ಲುಗಳನ್ನು ಕಾಯ್ದುಕೊಳ್ಳುವ ಹೊಣೆಯನ್ನು ಜಮೀನು ಹಿಡಿದವನ ಮೇಲೆಯೇ ಹೊರಿಸಿತು. ಸಿಟಿ ಸರ್ವೆ ಬಂದ ಮೇಲೆ ಪ್ರತಿ ನಿವೇಶನಕ್ಕೂ ಸಿ.ಟಿ.ಎಸ್. (ಸಿಟಿ ಸರ್ವೆ) ನಂಬರ್ ಮತ್ತು ಮಾಲೀಕರ ಹೆಸರಿರುವ ಒಂದು ಕಾರ್ಡ್ ಹುಟ್ಟಿಕೊಂಡವು. 1882ರ ಅನುಭೋಗ ಹಕ್ಕುಗಳ ಅಧಿನಿಯಮವು 1891ರಲ್ಲಿ ಮುಂಬಯಿ ಪ್ರಾಂತ್ಯಕ್ಕೂ ವಿಸ್ತರಿಸಿದಾಗ, ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಅನುಭವಿಸಿದ ಬೆಳಕು, ದಾರಿ, ಗೋಡೆಯ ಆಸರೆಗಳಿಗೆ ಹಕ್ಕಿನ ಬಲ ಸಿಕ್ಕಿತು. ಮನೆಯೊಳಗಿನ ಪಾಲುದಾರಿಕೆಯನ್ನೂ ಆ ಕಾಲ ಬಿಟ್ಟಿರಲಿಲ್ಲ. ವಾಟ್ನಿ, ಅಂದರೆ ಪಾಲು ಹಂಚಿಕೆ, ಆಗದ ಮನೆತನದ ವಾಸದ ಮನೆಯಲ್ಲಿ ಒಂದು ಪಾಲನ್ನು ಕೊಂಡ ಹೊರಗಿನವನು ಒಳಗೆ ಬಂದು ಕೂಡಿ ವಾಸಿಸುವಂತಿಲ್ಲ ಎಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 44ನೆಯ ಕಲಮು ಹೇಳಿತು. ಅಂಥವನು ವಿಭಜನೆ ಕೇಳಿ ಕೋರ್ಟಿಗೆ ಹೋದರೆ, ಆ ಪಾಲನ್ನು ಬೆಲೆ ಕೊಟ್ಟು ಕೊಳ್ಳುವ ಅವಕಾಶವನ್ನು 1893ರ ವಿಭಜನಾ ಅಧಿನಿಯಮ ಮನೆಯವರಿಗೆ ಕೊಟ್ಟಿತು. ಹಂಚಿಕೊಳ್ಳಬಹುದಾದ ಆಸ್ತಿಯನ್ನು ಎಂದಾದರೊಂದು ದಿನ ಹಂಚಿಯೇ ತೀರುತ್ತಾರೆ ಎಂಬ ತಿಳಿವಳಿಕೆ ಇವೆಲ್ಲದರ ತಳದಲ್ಲಿತ್ತು.

ಫ್ಲ್ಯಾಟುಗಳು ಬಂದಾಗ ಬುಡಮೇಲಾದದ್ದು ಈ ತಿಳಿವಳಿಕೆಯೇ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮದ ಪ್ರಕಾರ ನೆಲ, ತಳಪಾಯ, ಕಂಬ, ಮುಖ್ಯ ಗೋಡೆ, ಚಾವಣಿ, ಮೆಟ್ಟಿಲು, ಅಂಗಳ ಎಲ್ಲವೂ ಸಾಮಾನ್ಯ ಭಾಗಗಳು. ಅವುಗಳಲ್ಲಿ ಪ್ರತಿ ಮಾಲೀಕನಿಗೂ ಅವಿಭಜಿತ ಪಾಲು ಇರುತ್ತದೆಯೇ ಹೊರತು, ವಿಭಜನೆ ಕೇಳಿ ದಾವೆ ಹೂಡುವ ಹಕ್ಕಿಲ್ಲ. ಆ ಪಾಲು ನಿಗದಿಯಾಗುವುದು ಇಡೀ ಆಸ್ತಿಯ ಬೆಲೆಗೆ ಫ್ಲ್ಯಾಟಿನ ಬೆಲೆಯನ್ನು ಹೋಲಿಸಿ. ‘ನಾನು ಟೆರೇಸಿಗೆ ಹತ್ತುವುದೇ ಇಲ್ಲ, ವಂತಿಗೆ ಏಕೆ ಕೊಡಲಿ’ ಎಂಬ ವಾದಕ್ಕೂ ಕಾನೂನು ಜಾಗ ಬಿಟ್ಟಿಲ್ಲ. ಆದರೆ ಇದೆಲ್ಲ ಜೀವ ತಳೆಯಬೇಕಾದರೆ ಕಟ್ಟಡವನ್ನು ಈ ಅಧಿನಿಯಮಕ್ಕೆ ಒಳಪಡಿಸುವ ಘೋಷಣಾ ಪತ್ರವನ್ನು ಮಾಲೀಕರು ಬರೆದು ನೋಂದಾಯಿಸಬೇಕು. ನನ್ನ ಅನಿಸಿಕೆಯಲ್ಲಿ ಗಂಟು ಬಿದ್ದಿರುವುದು ಇಲ್ಲಿಯೇ. ಜಾಗದ ಧಣಿ ಮತ್ತು ಬಿಲ್ಡರ್ ಕರಾರು ಮಾಡಿಕೊಂಡು ಕಟ್ಟಿ, ಫ್ಲ್ಯಾಟುಗಳನ್ನು ಮಾರಿ, ಘೋಷಣಾ ಪತ್ರವನ್ನು ಮರೆತರೆ, ಉತಾರದಲ್ಲಿ, ಅಂದರೆ ಹಕ್ಕಿನ ದಾಖಲೆಯ ಪ್ರತಿಯಲ್ಲಿ, ನೆಲದ ಹೆಸರು ಹಳೆಯ ಧಣಿಯದೇ ಉಳಿಯುತ್ತದೆ.

2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾನೂನಿನ 17ನೆಯ ಕಲಮು ಸಾಮಾನ್ಯ ಭಾಗಗಳ ಹಕ್ಕನ್ನು ನಿವಾಸಿಗಳ ಸಂಘಕ್ಕೆ ಬರೆದುಕೊಡಲೇಬೇಕೆಂದು ವಿಧಿಸಿತು. ಆದರೆ 500 ಚದರ ಮೀಟರ್ ಮೀರದ ಜಾಗದಲ್ಲಿ, ಅಂದರೆ ಐದು ಗುಂಟೆಗೂ ತುಸು ಕಡಿಮೆ ನೆಲದಲ್ಲಿ, ಕಟ್ಟುವ ಯೋಜನೆಗೆ ರೇರಾ ನೋಂದಣಿ ಕಡ್ಡಾಯವಲ್ಲ; ನಮ್ಮ ಗಲ್ಲಿಗಳ ಎಷ್ಟೋ ನಿವೇಶನಗಳ ಅಳತೆ ಅದಕ್ಕಿಂತ ಚಿಕ್ಕದು.

2019ರ ಆಗಸ್ಟ್ ಮಳೆಗೆ ನಾವಿರುವ ಕಟ್ಟಡದ ಹಿಂಬದಿಯ ಕಂಪೌಂಡ್ ಗೋಡೆ ಕುಸಿಯಿತು. ಆಚೆಯ ಜಾಗದವರು, ಮೊದಲು ಮೋಜಣಿ, ಅಂದರೆ ಸರ್ವೆ ಅಳತೆ, ಆಗಲಿ, ಆಮೇಲೆ ಕಟ್ಟಿ ಎಂದರು, ನ್ಯಾಯದ ಮಾತೇ. ಆದರೆ ಅರ್ಜಿಗೆ ಕಾರ್ಡಿನಲ್ಲಿ ಹೆಸರಿದ್ದವರ ಸಹಿ ಬೇಕಿತ್ತು, ಅವರು ತೀರಿಕೊಂಡಿದ್ದರು. ಹಣ ಕೊಟ್ಟು ಕೊಂಡ ಹನ್ನೆರಡು ಮನೆಯವರಲ್ಲಿ ಒಬ್ಬರ ಹೆಸರೂ ಆ ಕಾರ್ಡಿನಲ್ಲಿರಲಿಲ್ಲ. ವಾರಸುದಾರರನ್ನು ಹುಡುಕಿ ಸಹಿ ಕೂಡಿಸುವಷ್ಟರಲ್ಲಿ ಮುಂದಿನ ಮಳೆಗಾಲ ಬಂದಿತ್ತು. ಅಲ್ಲಿಯವರೆಗೆ ಆ ಗಡಿಯಲ್ಲಿ ನಿಂತಿದ್ದದ್ದು ತಗಡಿನ ಮರೆ.