ಟ್ಯಾಂಕಿನಲ್ಲಿ ಬಿಸಿ, ನಲ್ಲಿಯಲ್ಲಿ ತಣ್ಣಗೆ

ದೀಪಾವಳಿ ಕಳೆದು ಬೆಳಗಿನ ಚಳಿ ಶುರುವಾದೊಡನೆ ಕಲಬುರಗಿ, ಬೀದರ್ ಕಡೆಯ ಮನೆಗಳಿಂದ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಆರಂಭವಾಗುತ್ತವೆ: “ಸೋಲಾರ್ ಕೆಟ್ಟದರಿ, ನೀರು ಕಾಯವಲ್ವು.” ಕೆಲವರು ಅಷ್ಟಕ್ಕೇ ನಿಲ್ಲುವುದಿಲ್ಲ. ನಾನು ಹೋಗುವಷ್ಟರಲ್ಲಿ ಬಿಸಿಲಿಗೆ ನೀರು ಕಾಯಿಸುವ ಹೊಸ ಗಾಜಿನ ಟ್ಯೂಬುಗಳನ್ನು ಕೊಂಡು ತಂದು ಪಡಸಾಲೆಯಲ್ಲಿ ಇಟ್ಟಿರುತ್ತಾರೆ. ಅವರಿಗೆಲ್ಲ ನಾನು ಹೇಳುತ್ತ ಬಂದಿರುವುದು ಒಂದೇ ಮಾತು. ನೀರು ಕಾಯದಿರುವುದು ಬೇರೆ, ಕಾದ ನೀರು ನಲ್ಲಿಯವರೆಗೆ ಬಾರದಿರುವುದು ಬೇರೆ. ಮೊದಲನೆಯದಾದರೆ ದೋಷ ಮಾಳಿಗೆಯ ಮೇಲಿರುತ್ತದೆ. ಎರಡನೆಯದಾದರೆ ಕೊಳವೆಯಲ್ಲಿ, ಬಹಳ ಸಲ ಬಚ್ಚಲುಮನೆಯೊಳಗೇ ಇರುತ್ತದೆ. ಇವೆರಡರಲ್ಲಿ ಯಾವುದೆಂದು ಗೊತ್ತಾಗುವ ಮೊದಲು ದಯವಿಟ್ಟು ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಗೊತ್ತು ಮಾಡಿಕೊಳ್ಳುವುದು ಕಷ್ಟವಲ್ಲ. ಬಿಸಿಲು ಚೆನ್ನಾಗಿ ಬಿದ್ದ ದಿನ, ಮಧ್ಯಾಹ್ನ ಯಾರೂ ಬಿಸಿನೀರು ಬಳಸದಂತೆ ನೋಡಿಕೊಂಡು, ಸಂಜೆ 4 ಗಂಟೆಯ ನಂತರ ಒಬ್ಬರು ಮಾಳಿಗೆ ಹತ್ತಬೇಕು, ಇನ್ನೊಬ್ಬರು ಕೆಳಗೆ ಬಿಸಿನೀರಿನ ನಲ್ಲಿ ಬಿಡಬೇಕು. ಸೋಲಾರ್ ಟ್ಯಾಂಕಿನಿಂದ ನೀರು ಹೊರಡುವ ಕೊಳವೆಯ ಬುಡವು ಎರಡು ಮೂರು ನಿಮಿಷದಲ್ಲಿ ಮುಟ್ಟಲಾಗದಷ್ಟು ಕಾದರೆ ಟ್ಯೂಬುಗಳು ತಮ್ಮ ಕೆಲಸ ಮಾಡಿವೆ ಎಂದು ತಿಳಿಯಬಹುದು. ಆ ನೀರು 70 ಡಿಗ್ರಿ ಸೆಲ್ಸಿಯಸ್ ದಾಟಿರುವ ಸಾಧ್ಯತೆ ಇರುವುದರಿಂದ ಬರಿಗೈಯಲ್ಲಿ ಹಿಡಿಯದೆ ದಪ್ಪ ಬಟ್ಟೆ ಬಳಸಬೇಕು. ಮೋಡ ಕವಿದ ಒಂದು ದಿನವನ್ನು ನೋಡಿ ಯಾವ ತೀರ್ಮಾನಕ್ಕೂ ಬರಬಾರದು. ನಲ್ಲಿಯಲ್ಲಿ ಮೊದಲು ತಣ್ಣೀರು ಬರುವುದೂ ದೋಷವಲ್ಲ: ಮುಕ್ಕಾಲು ಇಂಚಿನ ಕೊಳವೆ 20 ಮೀಟರ್ ಉದ್ದವಿದ್ದರೆ ಅದರೊಳಗೇ 5ರಿಂದ 6 ಲೀಟರ್ ನೀರು ನಿಂತಿರುತ್ತದೆ, ಅದು ಹೋದ ಮೇಲೆಯೇ ಬಿಸಿನೀರಿನ ಸರದಿ.

ಮೇಲೆ ಬಿಸಿ ಇದ್ದೂ ಕೆಳಗೆ ಉಗುರುಬೆಚ್ಚಗೆ ಬರುತ್ತಿದ್ದರೆ ನಾನು ಮೊದಲು ನೋಡುವುದು ಬಿಸಿನೀರು, ತಣ್ಣೀರು ಎರಡನ್ನೂ ಬೆರೆಸಿ ಕೊಡುವ ಮಿಕ್ಸರ್ ನಲ್ಲಿಯನ್ನು. ಸೇಡಂ ರಸ್ತೆಯ ಒಂದು ಮನೆಯಲ್ಲಿ ನಿವೃತ್ತ ಶಿಕ್ಷಕ ದಂಪತಿ ಎರಡು ಚಳಿಗಾಲ ಬಕೆಟ್ಟಿಗೆ ಕಾಯಿಲ್ ಹಾಕಿ ನೀರು ಕಾಯಿಸಿಕೊಂಡಿದ್ದರು. ಅದರ ನಡುವೆ ಯಾರೋ ಟ್ಯೂಬುಗಳನ್ನೆಲ್ಲ ಬದಲಿಸಿ ಹಣ ಪಡೆದು ಹೋಗಿದ್ದರು. ಮಾಳಿಗೆಯಲ್ಲಿ ಎಲ್ಲವೂ ಸರಿಯಾಗಿತ್ತು. ಅತಿಥಿಗಳ ಬಚ್ಚಲಿನಲ್ಲಿ ಮಿಕ್ಸರಿಗೆ ಕೈಶವರ್ ಜೋಡಿಸಿದ್ದರು. ಮಿಕ್ಸರಿನ ಬಿಸಿ, ತಣ್ಣೀರಿನ ಎರಡೂ ತಿರುಪುಗಳು ತೆರೆದೇ ಇದ್ದವು, ಶವರಿನ ಹಿಡಿಯಲ್ಲಿದ್ದ ಗುಂಡಿಯಿಂದ ಮಾತ್ರ ನೀರನ್ನು ನಿಲ್ಲಿಸಿದ್ದರು. ಹೀಗಾದಾಗ ತಣ್ಣೀರಿನ ಸಾಲು ಮತ್ತು ಬಿಸಿನೀರಿನ ಸಾಲು ಆ ಮಿಕ್ಸರಿನ ಹೊಟ್ಟೆಯೊಳಗೆ ಒಂದಾಗುತ್ತವೆ. ಅಡುಗೆಮನೆಯಲ್ಲಿ ಬಿಸಿನೀರಿನ ನಲ್ಲಿ ಬಿಟ್ಟರೆ, ಸೋಲಾರ್ ಟ್ಯಾಂಕನ್ನು ಸುತ್ತಿ ಬರುವ ದೂರದ ದಾರಿಗಿಂತ ಮಿಕ್ಸರಿನ ಮೂಲಕ ಬರುವ ಹತ್ತಿರದ ದಾರಿಯೇ ಸಲೀಸಾಗುವುದರಿಂದ, ಬಿಸಿನೀರಿನ ಕೊಳವೆಯಲ್ಲೇ ತಣ್ಣೀರು ಹರಿದು ಬರುತ್ತದೆ. ತಣ್ಣೀರಿನ ಸಾಲಿಗೆ ಪ್ರೆಷರ್ ಪಂಪು ಇದ್ದರಂತೂ ಅದು ತಣ್ಣೀರನ್ನು ಹಿಮ್ಮುಖವಾಗಿ ಸೋಲಾರ್ ಟ್ಯಾಂಕಿಗೇ ದೂಡಿ, ಕಾದ ನೀರು ಏರ್ ವೆಂಟಿನಿಂದ (ಗಾಳಿ ಆಡಲೆಂದು ಟ್ಯಾಂಕಿನಿಂದ ಮೇಲಕ್ಕೆ ಬಿಟ್ಟ ತೆರೆದ ಕೊಳವೆ) ಮಾಳಿಗೆಯ ಮೇಲೆ ಚೆಲ್ಲುವಂತೆ ಮಾಡುತ್ತದೆ. ಆ ಎರಡು ತಿರುಪುಗಳನ್ನು ಮುಚ್ಚಿದ್ದಷ್ಟೇ ನಾನು ಮಾಡಿದ ರಿಪೇರಿ. ಆ ಮನೆಯ ಅವ್ವನವರು ಅಡುಗೆಮನೆಯ ನಲ್ಲಿಯ ಕೆಳಗೆ ಕೈಯೊಡ್ಡಿ “ಯಪ್ಪಾ, ಸುಡ್ತದ” ಎಂದು ಹಿಂದಕ್ಕೆ ಎಳೆದುಕೊಂಡಾಗ ನನಗೆ ಆದ ಸಂತೋಷಕ್ಕಿಂತ, ಅವರು ಕಳೆದುಕೊಂಡ ಹಣದ ಬಗೆಗಿನ ಸಂಕಟವೇ ಹೆಚ್ಚಾಗಿತ್ತು.

ಇದನ್ನು ನೀವೇ ಪರೀಕ್ಷಿಸಬಹುದು. ಹೊತ್ತು ಮುಳುಗಿದ ಮೇಲೆ, ಸೋಲಾರ್ ಟ್ಯಾಂಕಿಗೆ ತಣ್ಣೀರು ಹೋಗುವ ವಾಲ್ವನ್ನು ಮುಚ್ಚಿ ಕೆಳಗೆ ಬಿಸಿನೀರಿನ ನಲ್ಲಿಯೊಂದನ್ನು ಬಿಡಿ. ಸ್ವಲ್ಪ ಹೊತ್ತಿನಲ್ಲಿ ನೀರು ನಿಂತರೆ ಸಾಲು ಸರಿಯಾಗಿದೆ. ನಿಲ್ಲದೆ ಹರಿಯುತ್ತಲೇ ಇದ್ದರೆ ಎಲ್ಲೋ ತಣ್ಣೀರು ಸೇರಿಕೊಳ್ಳುತ್ತಿದೆ. ಮಿಕ್ಸರುಗಳನ್ನು ಒಂದೊಂದಾಗಿ ಮುಚ್ಚುತ್ತ ಹೋದರೆ ಸ್ಥಳ ಸಿಗುತ್ತದೆ. ಗೀಸರನ್ನೂ ಇದೇ ಸಾಲಿಗೆ ಜೋಡಿಸಿದ್ದರೆ ಅದರ ವಾಲ್ವುಗಳನ್ನೂ ನೋಡಬೇಕು. ಹಳೆಯ ವಾಲ್ವು ಪೂರ್ತಿ ಮುಚ್ಚದಿದ್ದರೆ ಈ ಪರೀಕ್ಷೆ ದಾರಿ ತಪ್ಪಿಸಬಹುದು ಎಂಬುದನ್ನೂ ನೆನಪಿಡಿ.

ಮಾಳಿಗೆಯ ಮೇಲೆ ನಿಜವಾದ ದೋಷ ಇರುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಟ್ಯೂಬಿನ ತುದಿಯ ಬೆಳ್ಳಿಬಣ್ಣ ಹಾಲಿನಂತೆ ಬಿಳುಪಾಗಿದ್ದರೆ ಶಾಖ ಹಿಡಿದಿಡುವ, ಅದರ ಎರಡು ಗಾಜಿನ ಪದರಗಳ ನಡುವಿನ ನಿರ್ವಾತ ಹೋಗಿದೆ, ಆ ಒಂದನ್ನು ಬದಲಿಸಿದರೆ ಸಾಕು. ತೊಗರಿ ರಾಶಿಯ ಕಾಲದಲ್ಲಿ ಊರಂಚಿನ ಮನೆಗಳ ಟ್ಯೂಬುಗಳ ಮೇಲೆ ಧೂಳು ಕೂರುತ್ತದೆ. ಮೇಲೆ ಇನ್ನೊಂದು ಮಹಡಿ ಕಟ್ಟಿ ತಣ್ಣೀರಿನ ಟ್ಯಾಂಕನ್ನು ಎತ್ತರಿಸಿದವರು ಏರ್ ವೆಂಟನ್ನು ಅದಕ್ಕಿಂತ ಎತ್ತರಿಸಲು ಮರೆತರೆ ನೀರು ಹಗಲೂ ರಾತ್ರಿ ಅದರಿಂದ ಸುರಿಯುತ್ತದೆ.

ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಸುಣ್ಣ. ಶಹಾಬಾದಿನ ಪರ್ಸಿಗೂ (ನೆಲಹಾಸಿನ ಕಲ್ಲು), ವಾಡಿ ಮತ್ತು ಸೇಡಂನ ಸಿಮೆಂಟಿಗೂ ಆಧಾರವಾದ ಸುಣ್ಣಕಲ್ಲಿನ ಪದರಗಳ ನಡುವಿನಿಂದ ಬರುವ ಬೋರಿನ ನೀರು ಗಡಸಾಗಿರುವುದು ಸಹಜ. ಕುಡಿಯುವ ನೀರಿನ ಭಾರತೀಯ ಮಾನಕವು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮೀರದಿರಲಿ ಎನ್ನುತ್ತದೆ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. ನೀರು ಕಾದಷ್ಟೂ ಸುಣ್ಣ ಬೇರ್ಪಟ್ಟು ಟ್ಯೂಬಿನ ತಳದಲ್ಲಿ ಕೂರುವುದರಿಂದ ಬಿಸಿನೀರು ಮೇಲೇರುವ, ತಣ್ಣೀರು ಕೆಳಗಿಳಿಯುವ ಓಡಾಟ ಕುಂಠಿತವಾಗುತ್ತದೆ. ಬೋರಿನ ನೀರು ಬಳಸುವ ಮನೆಗಳಲ್ಲಿ ವರ್ಷಕ್ಕೊಮ್ಮೆ ಟ್ಯಾಂಕು, ಟ್ಯೂಬುಗಳನ್ನು ತೊಳೆಸುವುದು ಒಳ್ಳೆಯದು. ಆದರೆ ಸಂಡಾಸು ತೊಳೆಯುವ ಆಸಿಡ್ ಸುರಿಯಲು ಯಾರಿಗೂ ಬಿಡಬೇಡಿ; ಅದರ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲಿನ ಟ್ಯಾಂಕಿಗೇ ತೂತು ಕೊರೆಯುತ್ತದೆ. ತೊಳೆದ ಮೇಲೆ ನೀರು ತುಂಬುವುದನ್ನು ಬಿಸಿಲೇರುವ ಮೊದಲೇ ಮುಗಿಸಬೇಕು. ಖಾಲಿ ಟ್ಯೂಬು ಬಿಸಿಲಿಗೆ 200 ಡಿಗ್ರಿ ಮೀರಿ ಕಾಯಬಲ್ಲದು, ಆಗ ತಣ್ಣೀರು ಬಿಟ್ಟರೆ ಗಾಜು ಸಿಡಿಯುತ್ತದೆ.