ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಬಾಳುವುದು

2025ರ ಮಾರ್ಚ್ 19ರ ಬೆಳಗಿನ ಜಾವ ಮೂರೂವರೆ ಹೊತ್ತಿಗೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಟಿವಿ ಓಡುತ್ತಿತ್ತು. ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಇದ್ದ ಡ್ರ್ಯಾಗನ್ ನೌಕೆ ಪ್ಯಾರಾಶೂಟ್ ಬಿಚ್ಚಿಕೊಂಡು ಫ್ಲಾರಿಡಾ ಬಳಿಯ ಕಡಲಿಗೆ ಇಳಿಯಿತು. ಡಾಲ್ಫಿನ್‌ಗಳು ನೌಕೆಯ ಸುತ್ತ ಈಜಾಡಿದವು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಸುಮಾರು ಎಂಟು ದಿನಕ್ಕೆಂದು ಹೊರಟಿದ್ದ ಇಬ್ಬರು 286 ದಿನ ಕಳೆದು ಮರಳಿದ್ದರು. ಹೋಗಿದ್ದ ಸ್ಟಾರ್‌ಲೈನರ್ ನೌಕೆಯಲ್ಲಿ ಹೀಲಿಯಂ ಸೋರಿಕೆ, ಥ್ರಸ್ಟರ್ (ದಿಕ್ಕು ತಿದ್ದುವ ಪುಟ್ಟ ಎಂಜಿನ್) ತೊಂದರೆ. ಅದನ್ನು ಖಾಲಿಯಾಗಿಯೇ ಭೂಮಿಗೆ ಇಳಿಸಿ, ಇವರನ್ನು ಬೇರೆ ನೌಕೆಯಲ್ಲಿ ಕರೆತಂದರು.

ಆ ಒಂಬತ್ತು ತಿಂಗಳು ನಮ್ಮ ಜನ ಎಷ್ಟು ಚಿಂತೆ ಮಾಡಿದರು ಅಂತ ನೆನಪಿದೆ ಅಲ್ವಾ? ಅದೇ ಅಮೆರಿಕದ ಗಗನಯಾನಿ ಫ್ರಾಂಕ್ ರೂಬಿಯೊ ಹೆಸರು ಎಷ್ಟು ಜನ ಕೇಳಿದ್ದಾರೆ? ಆರು ತಿಂಗಳಿಗೆಂದು ಹೋಗಿದ್ದ ಅವರ ಸೋಯುಜ್ ನೌಕೆಯಲ್ಲೂ ಸೋರಿಕೆಯಾಗಿ, 2023ರ ಸೆಪ್ಟೆಂಬರ್‌ನಲ್ಲಿ ಇಳಿಯುವ ಹೊತ್ತಿಗೆ 371 ದಿನ ಆಗಿತ್ತು. ಸುನೀತಾ ನಮ್ಮವರು ಅನ್ನುವ ಅಕ್ಕರೆ ನಮಗಿತ್ತು, ಅದು ಸಹಜವೇ. ಆದರೆ ಅಪಾಯ ಕಂಡಾಗ ಮಾತ್ರ ಕಣ್ಣು ಮೇಲೆ ಹೋಗುವುದು ಎಲ್ಲ ಕಡೆಯ ಹಳೇ ಕಥೆ. 1970ರ ಏಪ್ರಿಲ್‌ನಲ್ಲಿ ಅಪೊಲೊ 13ರ ಯಾನಿಗಳು ಚಂದ್ರನತ್ತ ಹೋಗುವ ದಾರಿಯಿಂದಲೇ ಟಿವಿ ಪ್ರಸಾರ ಮಾಡಿದಾಗ ಅಮೆರಿಕದ ದೊಡ್ಡ ಚಾನೆಲ್‌ಗಳು ಅದನ್ನು ನೇರವಾಗಿ ತೋರಿಸಲಿಲ್ಲ. ಸ್ವಲ್ಪ ಹೊತ್ತಿಗೆ ಆಮ್ಲಜನಕದ ಟ್ಯಾಂಕ್ ಸಿಡಿಯಿತು. ಆಮೇಲೆ ಇಡೀ ಜಗತ್ತು ನೋಡಿತು.

ಏನೂ ಅನಾಹುತ ಆಗದ ದಿನಗಳಲ್ಲೇ ದೀರ್ಘ ಗಗನಯಾನದ ನಿಜವಾದ ಕುತೂಹಲ ಇದೆ ಅಂತ ನನ್ನ ಗಟ್ಟಿ ನಂಬಿಕೆ. ಮಂಗಳಕ್ಕೆ ಹೋಗಿ ಬರಲು ಎರಡು ಮೂರು ವರ್ಷ ಬೇಕು. ಅದರಲ್ಲಿ ಹೆಚ್ಚಿನವು ಇಂಥ ದಿನಗಳೇ.

ಇದನ್ನು ಚೆನ್ನಾಗಿ ಅರಿತಿದ್ದವರು ರಷ್ಯಾದ ವಲೇರಿ ಪೊಲ್ಯಾಕೊವ್. ವೃತ್ತಿಯಲ್ಲಿ ವೈದ್ಯರು. 1994ರ ಜನವರಿಯಲ್ಲಿ ರಷ್ಯಾದ ಅಂದಿನ ಮೀರ್ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ, 1995ರ ಮಾರ್ಚ್ 22ರಂದು ಇಳಿದರು. ಒಂದೇ ಯಾನದಲ್ಲಿ 437 ದಿನ. ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ. ಮಂಗಳದವರೆಗೆ ಹೋದ ಮನುಷ್ಯ ಅಲ್ಲಿ ಇಳಿದು ಕೆಲಸ ಮಾಡಬಲ್ಲನೇ? ಇದಕ್ಕೆ ಅವರು ತಮ್ಮ ಮೈಯನ್ನೇ ಒಡ್ಡಿ ಉತ್ತರ ಹುಡುಕಿದರು. ಇಳಿದ ಮೇಲೆ ಯಾನಿಗಳನ್ನು ಎತ್ತಿಕೊಂಡು ಹೋಗುವುದು ವಾಡಿಕೆ. ಪೊಲ್ಯಾಕೊವ್ ನೌಕೆಯಿಂದ ಪಕ್ಕದ ಕುರ್ಚಿಯವರೆಗೆ ತಾವೇ ನಡೆದರು. ನಾಲ್ಕು ಹೆಜ್ಜೆಯಷ್ಟು ದೂರ ಇರಬಹುದು, ಆದರೆ ಕೇಳಿದ ಪ್ರಶ್ನೆಗೆ ಅದೇ ಉತ್ತರ.

ಮೇಲೆ ಮೈಗೆ ಏನಾಗುತ್ತದೆ? 2024ರ ಕೊನೆಗೆ ಸುನೀತಾ ಅವರ ಫೋಟೊ ಒಂದನ್ನು ನೋಡಿ, ತುಂಬಾ ಸೊರಗಿದ್ದಾರೆ ಅಂತ ಜನ ಕಂಗಾಲಾದರು. ತೂಕ ಹೋದಾಗ ಎಷ್ಟಿತ್ತೋ ಅಷ್ಟೇ ಇದೆ ಅಂತ ಅವರು ಅಲ್ಲಿಂದಲೇ ಹೇಳಬೇಕಾಯಿತು. ಭೂಮಿಯ ಮೇಲೆ ಕಾಲಿನ ಕಡೆಗೆ ಇಳಿಯುವ ರಕ್ತ, ನೀರು ಎಲ್ಲ ಅಲ್ಲಿ ಎದೆ, ತಲೆಯ ಕಡೆ ಸರಿಯುತ್ತದೆ. ಕಾಲು ಸಣ್ಣಗಾಗುತ್ತವೆ, ಮುಖದ ಆಕಾರ ಬದಲಾಗುತ್ತದೆ. ಕೆಲವರಿಗೆ ಕಣ್ಣುಗುಡ್ಡೆಯ ಹಿಂಭಾಗ ಚಪ್ಪಟೆಯಾಗಿ ದೃಷ್ಟಿಯೇ ಬದಲಾಗುತ್ತದೆ. ಹಾಗಾಗಿ ಬರೀ ಫೋಟೊ ನೋಡಿ ತೂಕ ಹೇಳೋಕೆ ಆಗಲ್ಲ.

ತೂಕವೇ ಇಲ್ಲದ ಕಡೆ ತೂಕ ನೋಡುವುದು ಹೇಗೆ ಅಂತ ಕೇಳಬಹುದು. ನಮ್ಮ ಮನೆಯ ತಕ್ಕಡಿ ಅಲ್ಲಿ ಸೊನ್ನೆ ತೋರಿಸುತ್ತದೆ. ಅದಕ್ಕೆ ರಷ್ಯಾದವರ ಒಂದು ಉಪಕರಣ ಇದೆ. ಸ್ಪ್ರಿಂಗ್ ಇರುವ ಕಂಬವನ್ನು ಮುದುರಿ ಕೂತು ಅಪ್ಪಿ ಹಿಡಿಯಬೇಕು. ಸ್ಪ್ರಿಂಗ್ ಬಿಟ್ಟರೆ ಮೈ ಮೇಲೆ ಕೆಳಗೆ ತೂಗುತ್ತದೆ. ಮೈಯ ದ್ರವ್ಯರಾಶಿ ಜಾಸ್ತಿ ಇದ್ದಷ್ಟೂ ತೂಗಾಟ ನಿಧಾನ. ಒಂದು ಸಲ ತೂಗಲು ಹಿಡಿದ ಸಮಯದಿಂದ ಇಷ್ಟು ಕಿಲೊ ಅಂತ ಲೆಕ್ಕ ಹಾಕುತ್ತಾರೆ.

ಮೂಳೆಯ ಕಥೆ ಇನ್ನೂ ಗಂಭೀರ. ಭಾರ ಹೊರುವ ಕೆಲಸ ಇಲ್ಲದಿದ್ದರೆ ದೇಹ ಮೂಳೆಯನ್ನು ಕರಗಿಸಲು ಶುರು ಮಾಡುತ್ತದೆ. ತಡೆಯದಿದ್ದರೆ ಸೊಂಟದ ಭಾಗದಲ್ಲಿ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸವೆತ. ಅದಕ್ಕೇ ದಿನಕ್ಕೆ ಸುಮಾರು ಎರಡು ತಾಸು ವ್ಯಾಯಾಮ. ಟ್ರೆಡ್‌ಮಿಲ್ ಮೇಲೆ ಓಡಬೇಕಾದರೆ ಹೆಗಲಿಗೆ, ಸೊಂಟಕ್ಕೆ ಪಟ್ಟಿ ಕಟ್ಟಿ, ಎಳೆಯುವ ಹಗ್ಗದಿಂದ ಮೈಯನ್ನು ಕೆಳಕ್ಕೆ ಬಿಗಿಯಬೇಕು. ಇಲ್ಲದಿದ್ದರೆ ಮೊದಲ ಹೆಜ್ಜೆಗೇ ತೇಲಿಹೋಗುತ್ತಾರೆ. 2007ರ ಏಪ್ರಿಲ್ 16ರಂದು ಬೋಸ್ಟನ್ ಮ್ಯಾರಥಾನ್ ನಡೆಯುತ್ತಿದ್ದಾಗ ಇದೇ ಸುನೀತಾ ನಿಲ್ದಾಣದಲ್ಲಿ ಹೀಗೆ ಕಟ್ಟಿಕೊಂಡು 4 ಗಂಟೆ 24 ನಿಮಿಷದಲ್ಲಿ ಪೂರ್ತಿ ಓಟ ಮುಗಿಸಿದರು. ಅಷ್ಟರಲ್ಲಿ ಭೂಮಿಯನ್ನು ಸುಮಾರು ಮೂರು ಸುತ್ತು ಹಾಕಿದ್ದರು!

ಕರಗಿದ ಮೂಳೆಯ ಕ್ಯಾಲ್ಸಿಯಂ ಎಲ್ಲಿಗೆ ಹೋಗುತ್ತದೆ? ಮೂತ್ರಕ್ಕೆ. ನಿಲ್ದಾಣದಲ್ಲಿ ಮೂತ್ರವನ್ನು ಬಟ್ಟಿ ಇಳಿಸಿ ಮತ್ತೆ ಕುಡಿಯುವ ನೀರು ಮಾಡುತ್ತಾರೆ. ಹೊಸದಾಗಿ ಕೂರಿಸಿದ್ದ ಆ ಯಂತ್ರ 2009ರಲ್ಲಿ ಕಟ್ಟಿಕೊಂಡು ನಿಂತುಹೋಯಿತು. ಒಳಗೆ ಗಟ್ಟಿಯಾಗಿ ಕೂತಿದ್ದದ್ದು ಕ್ಯಾಲ್ಸಿಯಂ ಸಲ್ಫೇಟ್. ಭೂಮಿಯಲ್ಲಿ ಪರೀಕ್ಷೆ ಮಾಡಿದಾಗ ಸರಿಯಾಗಿಯೇ ಓಡಿದ್ದ ಯಂತ್ರ ಅದು. ಭೂಮಿಯಲ್ಲಿರುವವರ ಮೂತ್ರದಲ್ಲಿ ಇಷ್ಟೊಂದು ಕ್ಯಾಲ್ಸಿಯಂ ಇರಲಿಲ್ಲ, ಅಷ್ಟೇ. ಸಲ್ಫೇಟ್ ಬಂದದ್ದು ಮೂತ್ರ ಕೆಡದಂತೆ ಬೆರೆಸುತ್ತಿದ್ದ ಗಂಧಕಾಮ್ಲದಿಂದ. ಮುಂದೆ ಅದರ ಬದಲು ಫಾಸ್ಫಾರಿಕ್ ಆಮ್ಲ ಬಳಸಿದರು. ಯಾನಿಗಳ ಮೂಳೆಗೂ ಅವರು ಕುಡಿಯುವ ನೀರಿಗೂ ಹೀಗೊಂದು ನಂಟು ಇದೆ ಅಂತ ಗೊತ್ತಾಗಿದ್ದು ತಿಂಗಳುಗಟ್ಟಲೆ ಅಲ್ಲಿ ಬಾಳಿದ್ದರಿಂದಲೇ. 2023ರ ಹೊತ್ತಿಗೆ ನಿಲ್ದಾಣದಲ್ಲಿ ಶೇಕಡಾ 98ರಷ್ಟು ನೀರನ್ನು ಮರಳಿ ಪಡೆಯಲು ಸಾಧ್ಯವಾಯಿತು. ನನಗಂತೂ ಇದು ರಾಕೆಟ್ ಹಾರಿದ್ದಕ್ಕಿಂತ ದೊಡ್ಡ ಸುದ್ದಿ. ಮಂಗಳದ ದಾರಿಯಲ್ಲಿ ನೀರಿನ ಟ್ಯಾಂಕರ್ ಬರುವುದಿಲ್ಲವಲ್ಲ.

ಮನಸ್ಸಿನ ಮಾತೂ ಇದೆ. ಮಾಸ್ಕೋದಲ್ಲಿ 2010-11ರಲ್ಲಿ ಆರು ಜನ ಮುಚ್ಚಿದ ಕೋಣೆಗಳಲ್ಲಿ 520 ದಿನ ಮಂಗಳಯಾನದ ಅಣಕು ಪ್ರಯೋಗ ಮಾಡಿದರು. ದಿನ ಕಳೆದಂತೆ ಅವರ ಓಡಾಟ ಕಡಿಮೆಯಾಯಿತು. ಒಬ್ಬರ ದಿನವಂತೂ 25 ಗಂಟೆಯಷ್ಟು ಉದ್ದವಾಗಿ, ಉಳಿದವರು ಎದ್ದಿರುವಾಗ ಅವರು ಮಲಗಿರುತ್ತಿದ್ದರು. ಯಾರನ್ನು ಕಳಿಸಬೇಕು ಅನ್ನುವುದಕ್ಕೆ ಇಂಥ ವಿವರಗಳೇ ದಾರಿ ತೋರಿಸುವುದು.

ಇನ್ನು ಊಟ. ಪೊಟ್ಟಣದ ಆಹಾರ ವರ್ಷಗಟ್ಟಲೆ ಇಟ್ಟರೆ ಹಸಿವು ನೀಗಿಸೀತು, ಆದರೆ ಅದರಲ್ಲಿನ ವಿಟಮಿನ್ ಸಿ, ವಿಟಮಿನ್ ಬಿ1 ಕುಸಿಯುತ್ತಾ ಹೋಗುತ್ತವೆ. ಮಣ್ಣು, ಒಲೆ ಏನೂ ಬೇಡದೆ ನಾಲ್ಕು ದಿನದಲ್ಲಿ ಸಿಗುವ ತಾಜಾ ಊಟ ಯಾವುದು? ಮೊಳಕೆಕಾಳು. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ನಿಲ್ದಾಣಕ್ಕೆ ಹೋದಾಗ ಹೆಸರುಕಾಳು, ಮೆಂತ್ಯ ಎರಡನ್ನೂ ಅಲ್ಲಿ ಮೊಳಕೆ ಬರಿಸಿ, ಫ್ರೀಜರ್‌ನಲ್ಲಿಟ್ಟು ಮರಳಿ ತಂದರು. ಈ ಪ್ರಯೋಗ ರೂಪಿಸಿದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಐಐಟಿಯ ವಿಜ್ಞಾನಿಗಳು. ಉಡಾವಣೆಯನ್ನು ಕಣ್ಣು ಮಿಟುಕಿಸದೆ ನೋಡಿದ ನಾವು ಆ ಮೊಳಕೆಗಳ ಬಗ್ಗೆಯೂ ವಿಚಾರಿಸಬೇಕು. ಬೇರು ಎತ್ತ ಹೋಯಿತು, ಪೋಷಕಾಂಶ ಎಷ್ಟು ಉಳಿಯಿತು, ಬಾಹ್ಯಾಕಾಶದ ಕಾಳಿಗೂ ನೆಲದ ಕಾಳಿಗೂ ಏನು ವ್ಯತ್ಯಾಸ ಅಂತ. ಧಾರವಾಡವೇನೂ ನಮಗೆ ದೂರದ ಊರಲ್ಲ, ಹೋಗಿ ಕೇಳಬಹುದು.